ಬೀರು ಬೀಗ ತೆಗೆಸೋದು ಹೇಗೆ: ನಿಮ್ಮೂರ ಲೈಬ್ರರಿಯಿಂದ ಪುಸ್ತಕ ಹೊರಗೆ ಬರಬೇಕಂದ್ರೆ

ನಮ್ಮ ಕ್ಸೆರಾಕ್ಸ್ ಅಂಗಡಿ ಇರೋದು ಘಟ್ಟದ ಮೇಲಿನ ಒಂದು ಸಣ್ಣ ಪೇಟೇಲಿ, ಎದುರಿಗೇ ಲೈಬ್ರರಿ. ಹಾಗಾಗಿ ಅಲ್ಲಿ ಯಾರು ಬರ್ತಾರೆ, ಯಾರು ಎಷ್ಟು ಹೊತ್ತು ಕೂರ್ತಾರೆ ಅನ್ನೋದು ಅವರ ಹಾಜರಿ ರಿಜಿಸ್ಟರ್‌ಗಿಂತ ನನಗೇ ಚೆನ್ನಾಗಿ ಗೊತ್ತು. ಬೆಳಿಗ್ಗೆ ಪೇಪರ್ ಓದೋ ಹಿರಿಯರು ನಾಲ್ಕೈದು ಜನ, ಅವರಲ್ಲಿ ಇಬ್ಬರಿಗೆ ಒಂದೇ ಪೇಪರ್ ಬೇಕು ಅಂತ ದಿನಾ ಸಣ್ಣ ಜಗಳ. ಹನ್ನೊಂದರ ಮೇಲೆ ಎಫ್‌ಡಿಎ, ಪಿಡಿಒ, ಪೊಲೀಸ್ ಪರೀಕ್ಷೆ ಅಂತ ಓದೋ ಹುಡುಗ್ರು ಹುಡುಗೀರು ತಮ್ಮದೇ ನೋಟ್ಸ್ ತಮ್ಮದೇ ಗೈಡ್ ಹಿಡ್ಕೊಂಡು ಬರ್ತಾರೆ, ಅವರಿಗೆ ಬೇಕಿರೋದು ಟೇಬಲ್ಲು, ಫ್ಯಾನು, ಸುಮ್ಮನಿರೋ ಜಾಗ. ಮಳೆ ಜೋರಾದ್ರೆ ಬಸ್ಸಿಗೆ ಕಾಯೋರೂ ಒಳಗೆ ಬರ್ತಾರೆ. ಇಷ್ಟೆಲ್ಲಾ ಜನರ ಬೆನ್ನ ಹಿಂದೆ ಗೋಡೆಗುದ್ದಕ್ಕೂ ಗಾಜಿನ ಬಾಗಿಲಿನ ಬೀರುಗಳು, ಒಳಗೆ ಸಾವಿರಾರು ಪುಸ್ತಕ, ಹೊರಗೆ ಬೀಗ. ಬೀಗದ ಕೈ ಮೇಲ್ವಿಚಾರಕರ ಡ್ರಾಯರ್‌ನಲ್ಲಿ.

ಲೈಬ್ರರಿಗೆ ಜನ ಬರ್ತಿಲ್ಲ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಸುಳ್ಳು ಮಾರಾಯ್ರೆ. ಜನ ಬರ್ತಾರೆ, ಕೂರೋಕೆ ಜಾಗ ಸಿಗಲ್ಲ. ಪುಸ್ತಕ ಆಚೆ ಬರ್ತಿಲ್ಲ ಅನ್ನೋದೇ ವಿಷ್ಯ. ಅದನ್ನ ಹೇಗೆ ಬರೋ ಹಾಗೆ ಮಾಡೋದು ಅಂತ ನಾವೊಂದಿಷ್ಟು ಜನ ಮೂರು ನಾಲ್ಕು ವರ್ಷ ಒದ್ದಾಡಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ ಕಡೆಯವರಿಗೆ ಹೆಚ್ಚು ಉಪಯೋಗ ಆಗ್ಬಹುದು, ಯಾಕಂದ್ರೆ ನಮ್ಮ ಮಳೆ ಕಥೆ ಬೇರೆಯವರಿಗಿಲ್ಲ.

ಮೊದಲನೇ ಕೆಲಸ ಮನೇಲೇ ಮಾಡಿ. ಮನೆ ಕಂದಾಯ ಕಟ್ಟಿದ ರಶೀದಿ ಹುಡುಕಿ ತೆಗೀರಿ. ಅದರಲ್ಲಿ ತೆರಿಗೆ ಕೆಳಗೆ ಸಣ್ಣ ಸಣ್ಣ ಸಾಲು ಇರ್ತಾವೆ, ಆರೋಗ್ಯ ಕರ, ಭಿಕ್ಷುಕರ ಕರ, ಅದರ ಮಧ್ಯ ಗ್ರಂಥಾಲಯ ಕರ ಅಂತ ಒಂದು. ತೆರಿಗೆಯ ಮೇಲೆ 6% ಅದು, ಅಂದ್ರೆ ಸಾವಿರ ರೂಪಾಯಿ ಕಂದಾಯ ಇದ್ರೆ ಅರವತ್ತು ರೂಪಾಯಿ ಲೈಬ್ರರಿಗೆ ಅಂತ ನೀವು ಕೊಟ್ಟಾಗಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು, ಆವಾಗಿಂದ ಈ ಕರ ನಡೀತಾ ಬಂದಿದೆ. ಇದನ್ನ ಯಾಕೆ ಮೊದಲು ಹೇಳ್ತೀನಿ ಅಂದ್ರೆ, ನಮ್ಮ ಕಡೆ ಜನ ಲೈಬ್ರರಿ ಒಳಗೆ ಹೋಗೋವಾಗ ಯಾರದ್ದೋ ಮನೆ ಜಗಲಿ ಹತ್ತಿದ ಹಾಗೆ ಸಂಕೋಚ ಪಡ್ತಾರೆ. ಪುಸ್ತಕ ಕೇಳೋಕೆ ಹಿಂಜರೀತಾರೆ. ದುಡ್ಡು ಕೊಟ್ಟಿದ್ದೀವಿ ಅಂತ ಗೊತ್ತಾದ್ರೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತೆ. ಹಾಗಂತ ರಶೀದಿ ಹಿಡ್ಕೊಂಡು ಹೋಗಿ ಮೇಲ್ವಿಚಾರಕರ ಮುಖಕ್ಕೆ ಹಿಡೀಬೇಡಿ, ನಮ್ಮಲ್ಲೊಬ್ಬ ಹಾಗೆ ಮಾಡಿ ಆರು ತಿಂಗಳ ಕೆಲಸ ಕೆಡಿಸಿದ.

ಆಮೇಲೆ ನಿಮ್ಮದು ಯಾವ ಲೈಬ್ರರಿ ಅಂತ ತಿಳ್ಕೊಳ್ಳಿ. ಶಿವಮೊಗ್ಗ ಪೇಟೇಲಿ ಇರೋದು ನಗರ ಕೇಂದ್ರ ಗ್ರಂಥಾಲಯ ಮತ್ತೆ ಅದರ ಶಾಖೆಗಳು, ತಾಲೂಕು ಕೇಂದ್ರಗಳಲ್ಲಿ ಇರೋದು ಜಿಲ್ಲಾ ಕೇಂದ್ರ ಗ್ರಂಥಾಲಯದ ಶಾಖೆಗಳು, ಇವೆಲ್ಲ ಸಾರ್ವಜನಿಕ ಗ್ರಂಥಾಲಯ ಇಲಾಖೆ ಕೆಳಗೆ ಬರ್ತಾವೆ. ಹಳ್ಳಿ ಪಂಚಾಯ್ತಿ ಲೈಬ್ರರಿಗಳು ಹಾಗಲ್ಲ, ಅವು ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಕೆಳಗಿವೆ, ಬೋರ್ಡ್ ಮೇಲೆ ಅರಿವು ಕೇಂದ್ರ ಅಂತ ಬರೆದಿರುತ್ತೆ. ಇದು ಗೊತ್ತಿಲ್ದೆ ನಾವು ಪಂಚಾಯ್ತಿ ಲೈಬ್ರರಿ ಸೋರ್ತಿದೆ ಅಂತ ಶಿವಮೊಗ್ಗದ ತನಕ ಹೋಗಿ ಅರ್ಜಿ ಕೊಟ್ಟು ಬಂದ್ವಿ, ಕೊಡಬೇಕಾಗಿದ್ದ ಪಂಚಾಯ್ತಿ ಪಿಡಿಒ ಆಫೀಸು ಲೈಬ್ರರಿಯಿಂದ ನಲವತ್ತು ಹೆಜ್ಜೆ ದೂರ ಇತ್ತು.

ಸದಸ್ಯತ್ವ ಮಾಡಿಸೋದು ದೊಡ್ಡ ಕೆಲಸ ಏನಲ್ಲ. ಆಧಾರ್ ಕಾಪಿ, ಒಂದೆರಡು ಫೋಟೊ, ಫಾರ್ಮು, ಸಣ್ಣ ಮೊತ್ತದ ಡೆಪಾಸಿಟ್. ಡೆಪಾಸಿಟ್ ರಶೀದಿ ಜೋಪಾನ ಮಾಡಿ, ಸದಸ್ಯತ್ವ ಬಿಡೋವಾಗ ವಾಪಸ್ ಬರೋ ದುಡ್ಡು ಅದು. ಕೆಲವು ಕಡೆ ಜಾಮೀನು ಸಹಿ ಕೇಳ್ತಾರೆ, ಮೇಷ್ಟ್ರ ಹತ್ರ ಹಾಕಿಸ್ಕೊಂಡ್ರೆ ಆಯ್ತು. ಹಳ್ಳಿ ಮಕ್ಕಳಿಗಂತೂ ದುಡ್ಡೇ ಇಲ್ಲ, 2020ರ ನವೆಂಬರ್‌ನಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯ್ತಿ ಲೈಬ್ರರೀಲಿ ಉಚಿತ ಸದಸ್ಯತ್ವ. ಮನೇಲಿ ಎಷ್ಟು ಜನ ಇದಾರೋ ಅಷ್ಟೂ ಕಾರ್ಡ್ ಮಾಡಿಸಿ. ಅಜ್ಜಿಗೂ ಮಾಡಿಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಈಗ ಬೀಗದ ವಿಷಯಕ್ಕೆ ಬರ್ತೀನಿ, ಇದೇ ಮುಖ್ಯ. ನಾನೂ ಮೊದಲು ಈ ಮೇಲ್ವಿಚಾರಕರು ಸೋಮಾರಿಗಳು ಅಂತಲೇ ಅಂದ್ಕೊಂಡಿದ್ದೆ. ಒಂದಿನ ಕರೆಂಟ್ ಇರ್ಲಿಲ್ಲ, ಅವರೂ ನಮ್ಮ ಅಂಗಡಿ ಬಾಗಿಲಲ್ಲಿ ಕೂತಿದ್ರು, ಕಾಫಿ ತರಿಸಿ ಮಾತಾಡ್ತಾ ಕೇಳ್ದೆ, ಸರ್ ಬೀರು ಯಾಕೆ ತೆಗೆಯಲ್ಲ ಅಂತ. ಅವರು ಸಿಟ್ಟಾಗ್ಲಿಲ್ಲ. ಸ್ಟಾಕ್ ತಾಳೆ ನೋಡೋಕೆ ಬಂದಾಗ ಪುಸ್ತಕ ಕಮ್ಮಿ ಬಂದ್ರೆ ಉತ್ತರ ಕೊಡೋದು ನಾನು, ಕಳ್ಕೊಂಡೋನು ಕೊಡ್ತಾನಾ ಅಂದ್ರು. ಹಳೇ ಊರಲ್ಲಿ ಒಂದು ಸಲ ಕೈಯಿಂದ ಕಟ್ಟಿದ್ರಂತೆ. ಕೈಗೆ ಬರೋದು ಎಷ್ಟು ಅಂತ ನಮಗೂ ಗೊತ್ತು, ಅದರಲ್ಲಿ ಇನ್ಯಾರೋ ಕದ್ದ ಪುಸ್ತಕದ ದುಡ್ಡು ಕಟ್ಟು ಅಂದ್ರೆ ನಾನಾಗಿದ್ರೆ ಎರಡು ಬೀಗ ಹಾಕ್ತಿದ್ದೆ.

ಅಲ್ಲಿಂದ ನಮಗೆ ದಾರಿ ಸಿಕ್ತು. ಬೀಗ ತೆಗೆಸಬೇಕಂದ್ರೆ ಅವರ ಹೆದರಿಕೆ ಕಮ್ಮಿ ಮಾಡಬೇಕು, ಅಷ್ಟೇ. ಹೀಗೆ ಮಾಡಿ. ಮೊದಲನೇ ಪುಸ್ತಕ ತೆಳ್ಳಗಿರೋದು ತಗೊಳ್ಳಿ, ಹದಿನೈದು ದಿನ ಟೈಮ್ ಕೊಟ್ರೂ ನಾಲ್ಕೇ ದಿನಕ್ಕೆ ವಾಪಸ್ ಕೊಡಿ, ಕೊಡೋವಾಗ ನೀವೇ ರಿಜಿಸ್ಟರ್ ತೆಗೆಸಿ ಎದುರಿಗೇ ವಾಪಸ್ ಅಂತ ಬರೆಸಿ. ಎರಡನೇದೂ ಹಾಗೇ. ಮೂರನೇ ಸಲಕ್ಕೆ ಅವರೇ ಬೀಗದ ಕೈ ಕೊಟ್ಟು ನೀವೇ ನೋಡ್ಕೊಳ್ಳಿ ಅಂತಾರೆ. ನಂಗೆ ಐದನೇ ಸಲ ಆಯ್ತು, ನನ್ನ ಮುಖ ಸ್ವಲ್ಪ ಅನುಮಾನದ್ದು ಇರ್ಬೇಕು. ಸುಮ್ನೆ ಹಿಂಗೇ ಕೊಡಿ ಸರ್, ನಾಳೆ ತಂದ್ಕೊಡ್ತೀನಿ ಅಂತ ಎಂಟ್ರಿ ಇಲ್ದೆ ಮಾತ್ರ ಪುಸ್ತಕ ತಗೋಬೇಡಿ, ಪರಿಚಯದೋರು ಅಂತ ಕೊಟ್ರೂ ತಗೋಬೇಡಿ. ಬರೆಸದೇ ತಗೊಂಡ ಪುಸ್ತಕ ಓದಿದ ಲೆಕ್ಕಕ್ಕೇ ಬರಲ್ಲ. ವರ್ಷದ ಕೊನೆಗೆ ಮೇಲಿನವರು ನೋಡೋದು ರಿಜಿಸ್ಟರ್ ಒಂದನ್ನೇ, ಎಷ್ಟು ಎರವಲು ಹೋಗಿದೆ ಅಂತ, ಅದರಲ್ಲಿ ದಿನಕ್ಕೆ ಎರಡು ಎಂಟ್ರಿ ಇದ್ರೆ ಈ ಊರಿಗೆ ಯಾಕಪ್ಪಾ ಹೊಸ ಪುಸ್ತಕ ಅನ್ನೋದು ಸಹಜ. ಅಜ್ಜಿಗೂ ಕಾರ್ಡ್ ಮಾಡಿಸಿ ಅಂದಿದ್ದು ಇದಕ್ಕೇ, ಅಜ್ಜಿ ಕಾರ್ಡಲ್ಲಿ ಅಜ್ಜಿಗೆ ಬೇಕಾಗಿದ್ದು ತನ್ನಿ, ನಮ್ಮ ಮನೇಲಿ ದೊಡ್ಡಕ್ಷರದ ಪುರಾಣದ ಕಥೆ ಅಂದ್ರೆ ಅಮ್ಮ ಕನ್ನಡಕ ಒರೆಸ್ಕೊಂಡು ರೆಡಿ.

ಬೆಂಗಳೂರಲ್ಲಿ ಕೊನೇ ವರ್ಷಗಳನ್ನ ಕಳೆದ ಎಸ್. ಆರ್. ರಂಗನಾಥನ್ ಅಂತ ಒಬ್ಬರು, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತಾರೆ, ಅವರ ಹುಟ್ಟಿದ ದಿನ ಆಗಸ್ಟ್ 12ನ್ನೇ ಗ್ರಂಥಪಾಲಕರ ದಿನ ಅಂತ ಮಾಡೋದು. 1931ರಲ್ಲಿ ಅವರು ಲೈಬ್ರರಿಗೆ ಐದು ಸೂತ್ರ ಬರೆದ್ರು, ಮೊದಲನೇದೇ ಪುಸ್ತಕ ಇರೋದು ಬಳಸೋಕೆ ಅಂತ. ಒಂದು ಕಾಲದಲ್ಲಿ ಯೂರೋಪಿನ ಲೈಬ್ರರಿಗಳಲ್ಲಿ ಪುಸ್ತಕಗಳನ್ನ ಸರಪಳಿ ಹಾಕಿ ಬಿಗೀತಿದ್ರಂತೆ, ಕದೀಬಾರದು ಅಂತ. ನಾನು ಇದನ್ನ ನಮ್ಮ ಮೇಲ್ವಿಚಾರಕರಿಗೆ ಹೇಳ್ದಾಗ ಅವರು, ಸರಪಳಿ ಒಳ್ಳೇ ಐಡಿಯಾ ಅಲ್ವಾ ಅಂದ್ರು. ಹಾಗಾಗಿ ಸಿದ್ಧಾಂತ ಹೇಳೋಕೆ ಹೋಗ್ಬೇಡಿ, ಪುಸ್ತಕ ಟೈಮಿಗೆ ವಾಪಸ್ ಕೊಡಿ.

ಎರಡನೇ ಹಂತ, ಎಲ್ಲಾ ಬೀರು ತೆಗೀರಿ ಅಂತ ಕೇಳ್ಬೇಡಿ, ಒಂದೇ ಒಂದು ಹಲಗೆ ಕೇಳಿ. ಪೇಪರ್ ಟೇಬಲ್ ಪಕ್ಕ ಒಂದು ಬೆಂಚು ಸಾಕು, ಅದರ ಮೇಲೆ ಇಪ್ಪತ್ತು ಪುಸ್ತಕ, ಬೆನ್ನು ಕಾಣೋ ಹಾಗಲ್ಲ, ಮುಖಪುಟ ಕಾಣೋ ಹಾಗೆ ಇಡಿ, ತರಕಾರಿ ಅಂಗಡೀಲಿ ಟೊಮೇಟೊ ಜೋಡಿಸಿದ ಹಾಗೆ. ಇಪ್ಪತ್ತೇ ಆದ್ರೆ ಸಂಜೆ ಬಾಗಿಲು ಹಾಕೋವಾಗ ಎಣಿಸೋಕೆ ಒಂದು ನಿಮಿಷ, ಅವರಿಗೂ ಧೈರ್ಯ. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ಯಾವ ಪುಸ್ತಕ ಇಡೋದು ಅನ್ನೋದ್ರಲ್ಲಿ ನಾವು ಮೊದಲು ಎಡವಟ್ಟು ಮಾಡಿದ್ವಿ, ಪ್ರಶಸ್ತಿ ಬಂದಿರೋ ದೊಡ್ಡ ದೊಡ್ಡ ಕಾದಂಬರಿಗಳನ್ನೇ ಸಾಲಾಗಿ ಇಟ್ವಿ, ಮರ್ಯಾದೆಗೆ ಅಂತ. ಒಂದೂ ಅಲುಗಾಡ್ಲಿಲ್ಲ. ಆಮೇಲೆ ನಮ್ಮಲ್ಲಿ ಹೈಸ್ಕೂಲ್ ಟೀಚರ್ ಒಬ್ರು ಇದಾರೆ, ಅವರು ಎಲ್ಲಾ ತೆಗೆದು ಬೇರೆ ಇಟ್ರು: ಹಾವುಗಳ ಬಗ್ಗೆ ಚಿತ್ರ ಇರೋ ಪುಸ್ತಕ, ಅಡಿಕೆ ಮೆಣಸಿನ ಕೃಷಿ, ಮನೆಮದ್ದು, ಯಕ್ಷಗಾನ ಪ್ರಸಂಗ, ಪತ್ತೇದಾರಿ ಕಾದಂಬರಿ ಐದಾರು, ಬೇಟೆ ಅನುಭವ, ಮಕ್ಕಳ ಚಿತ್ರದ ಪುಸ್ತಕ, ಒಂದು ಜಮೀನು ಕಾನೂನಿನ ಕೈಪಿಡಿ. ಮೊದಲನೇ ವಾರವೇ ಏಳು ಪುಸ್ತಕ ಹೋಯ್ತು, ಕಾನೂನಿನದ್ದಂತೂ ಜಗಲಿಯಿಂದ ಜಗಲಿಗೆ ಓಡಾಡ್ತು, ಬಗರ್‌ಹುಕುಂ ಅರ್ಜಿ ಇಲ್ದಿರೋ ಮನೆ ನಮ್ಮಲ್ಲಿ ಯಾವುದಿದೆ.

ಕೃಷಿ ಪುಸ್ತಕದ್ದು ಒಂದು ಘಟನೆ ಹೇಳ್ಬೇಕು. ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಹೊತ್ತಲ್ಲಿ ಒಬ್ಬ ಹುಡುಗ, ಈಗಷ್ಟೇ ಬೆಂಗಳೂರು ಕೆಲಸ ಬಿಟ್ಟು ತೋಟಕ್ಕೆ ಬಂದೋನು, ಯೂಟ್ಯೂಬಲ್ಲಿ ಬೋರ್ಡೋ ದ್ರಾವಣದ ಅಳತೆ ನೋಡಿದ್ನಂತೆ, ಮೂರು ವಿಡಿಯೋದಲ್ಲಿ ಮೂರು ಥರ. ಲೈಬ್ರರಿ ಬೆಂಚಿನ ಮೇಲಿದ್ದ ಪುಸ್ತಕದಲ್ಲಿ ಚೊಕ್ಕವಾಗಿ ಬರೆದಿತ್ತು, 1% ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸೋದು. ಆ ಪುಟಾನ ನಮ್ಮ ಅಂಗಡೀಲಿ ಕ್ಸೆರಾಕ್ಸ್ ಮಾಡಿಸ್ಕೊಂಡ, ಎರಡು ರೂಪಾಯಿ. ಅವನ ಹಿಂದೆ ಆ ವಾರ ಅದೇ ಪುಟಕ್ಕೆ ಇನ್ನೂ ಹನ್ನೊಂದು ಜನ ಬಂದ್ರು. ಜನ ಓದಲ್ಲ ಅಂತ ಹೇಳೋದಕ್ಕಿಂತ ಮುಂಚೆ ಆ ತಿಂಗಳು ಊರಲ್ಲಿ ಎಂತ ಆಗ್ತಿದೆ ಅಂತ ನೋಡಿ ಪುಸ್ತಕ ಇಡಿ.

ಪರೀಕ್ಷೆಗೆ ಓದೋ ಮಕ್ಕಳ ಬಗ್ಗೆ ನನ್ನ ಅಭಿಪ್ರಾಯ ಬೇರೆಯವರ ಥರ ಇಲ್ಲ. ಲೈಬ್ರರಿ ಕೋಚಿಂಗ್ ಸೆಂಟರ್ ಆಗೋಯ್ತು ಅಂತ ಬೇಜಾರು ಮಾಡ್ಕೊಳ್ಳೋರು ಇದಾರೆ. ಆ ಮಕ್ಕಳ ಮನೇಲಿ ಒಂದು ಟೇಬಲ್ ಹಾಕೋಕೆ ಜಾಗ ಇಲ್ಲ, ಟಿವಿ ಶಬ್ದ, ಕೊಟ್ಟಿಗೆ ಕೆಲಸ, ಹುಡುಗೀರಿಗಂತೂ ಕೂತ್ರೆ ಇನ್ನೊಂದು ಕೆಲಸ ಹೇಳ್ತಾರೆ. ಅವರು ಬಂದು ಕೂತ್ಕೊಳ್ಳಿ. ಅವರಿಗೂ ಒಂದು ಕೊಂಡಿ ಹಾಕಬಹುದು ಅಷ್ಟೇ. ಪ್ರಬಂಧದ ಪ್ರಶ್ನೆಪತ್ರಿಕೆ ಇರುತ್ತಲ್ಲ, ಗೈಡಲ್ಲಿ ಇರೋ ಪ್ರಬಂಧ ಎಲ್ಲರೂ ಬಾಯಿಪಾಠ ಮಾಡಿರ್ತಾರೆ, ಹಾಗಾಗಿ ನಾವು ಅವರ ಟೇಬಲ್ ಮೇಲೆ ಸಣ್ಣ ಚೀಟಿ ಇಟ್ವಿ: ಬರಗಾಲ, ಅರಣ್ಯ, ಶರಾವತಿ ಅಣೆಕಟ್ಟಿನ ಮುಳುಗಡೆ, ಪಂಚಾಯ್ತಿ ವ್ಯವಸ್ಥೆ ಬಗ್ಗೆ ಈ ಬೀರುವಲ್ಲಿ ಇಂಥಿಂಥ ಪುಸ್ತಕ ಇದೆ ಅಂತ. ಚೀಟಿ ನೋಡಿ ತಗೊಂಡೋರು ಕಮ್ಮಿನೇ, ಸುಳ್ಳು ಹೇಳಲ್ಲ. ಆದ್ರೆ ಮುಳುಗಡೆ ಸಂತ್ರಸ್ತರ ಮನೆ ಹುಡುಗಿ ಒಬ್ಳು ಆ ಪುಸ್ತಕಗಳನ್ನ ಒಂದೊಂದಾಗಿ ಓದಿ ಮುಗಿಸಿದ್ಳು, ಪರೀಕ್ಷೆಗಲ್ಲ, ಅವರಜ್ಜನ ಊರು ಎಲ್ಲಿತ್ತು ಅಂತ ಹುಡುಕೋಕೆ.

ಪುಸ್ತಕ ಹುಡುಕೋದು ಹೇಗೆ ಅಂತ ಬೇಗ ಹೇಳಿಬಿಡ್ತೀನಿ. ಬೆನ್ನ ಮೇಲೆ ಚೀಟಿ ಅಂಟಿಸಿ ನಂಬರ್ ಬರೆದಿರ್ತಾರೆ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ವಿಂಗಡಿಸೋ ಡ್ಯೂಯಿ ಪದ್ಧತಿ ಬಳಸೋ ಕಡೆ ಕನ್ನಡ ಸಾಹಿತ್ಯಕ್ಕೆ 894.814, ಕೃಷಿಗೆ 630, ಇತಿಹಾಸ 900ರ ಸುತ್ತ. ಒಳಗಡೆ ಮೊಹರಿನ ಪಕ್ಕ ಇನ್ನೊಂದು ನಂಬರ್ ಇರುತ್ತಲ್ಲ ಅದು ದಾಖಲಾತಿ ಸಂಖ್ಯೆ, ಪ್ರತಿ ಪುಸ್ತಕಕ್ಕೂ ಬೇರೆ, ಪುಸ್ತಕ ಕಳೆದ್ರೆ ಹುಡುಕೋದು ಅದರಿಂದ. ಇಷ್ಟೆಲ್ಲ ಇದ್ರೂ ನಮ್ಮ ಕಡೆ ಎಷ್ಟೋ ಲೈಬ್ರರೀಲಿ ಪುಸ್ತಕ ಜೋಡಿಸಿರೋದು ಎತ್ತರದ ಪ್ರಕಾರ. ಸುಮ್ಮನೆ ಕೇಳಿಬಿಡಿ.

ಬೇಕಾದ ಪುಸ್ತಕ ಇಲ್ಲ ಅಂದ್ರೆ ಸಲಹಾ ರಿಜಿಸ್ಟರ್ ಕೇಳಿ, ಇಲ್ಲದಿದ್ರೆ ಇಪ್ಪತ್ತು ರೂಪಾಯಿ ನೋಟ್‌ಬುಕ್ ನೀವೇ ತಂದು ಕೊಡಿ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ನಿಮ್ಮ ಹೆಸರು, ತಾರೀಕು, ಇಷ್ಟನ್ನೂ ಬರೀಬೇಕು, ಒಳ್ಳೇ ಕಾದಂಬರಿ ತರಿಸಿ ಅಂತ ಬರೆದ್ರೆ ಯಾರಿಗೆ ಎಂತ ಗೊತ್ತಾಗುತ್ತೆ. ಲೈಬ್ರರಿಗೆ ಪುಸ್ತಕ ಬರೋದು ಹೆಚ್ಚಾಗಿ ಮೇಲಿಂದ, ರಾಜ್ಯದ ಇಲಾಖೆಯ ಸಗಟು ಖರೀದಿಯಿಂದ, ಮತ್ತೆ ಕೋಲ್ಕತ್ತದಲ್ಲಿರೋ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿಂದ, 1972ರಲ್ಲಿ ಶುರುವಾಗಿದ್ದು ಅದು. ಅದಕ್ಕೇ ಒಮ್ಮೊಮ್ಮೆ ಯಾರೂ ಕೇಳದ ಪುಸ್ತಕದ ಮೂರು ಪ್ರತಿ ಬರ್ತಾವೆ, ಎಲ್ಲರೂ ಕೇಳೋ ಪುಸ್ತಕ ಬರೋದೇ ಇಲ್ಲ. ಪಂಚಾಯ್ತಿ ಲೈಬ್ರರಿ ಆದ್ರೆ ಗ್ರಾಮಸಭೆಗೆ ಹೋಗಿ. ಅಲ್ಲಿ ಎದ್ದು ನಿಂತು, ಈ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯ್ತು, ಎಷ್ಟಕ್ಕೆ ಪುಸ್ತಕ ತಂದ್ರಿ ಅಂತ ಸಮಾಧಾನದಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ. ನಮ್ಮಲ್ಲಿ ಚರಂಡಿ, ಬೀದಿದೀಪ, ಕಾಡುಕೋಣದ ಕಾಟ ಇಷ್ಟೇ ಚರ್ಚೆ ಆಗ್ತಿದ್ದ ಸಭೇಲಿ ಪುಸ್ತಕ ಅಂದಾಗ ಒಂದು ನಿಮಿಷ ಎಲ್ಲರೂ ತಬ್ಬಿಬ್ಬು. ಉತ್ತರ ಸಿಗದಿದ್ರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ನಾವು ಅದನ್ನ ಹಾಕಲಿಲ್ಲ, ಊರಲ್ಲಿ ಮುಖ ನೋಡ್ಕೊಂಡು ಬದುಕಬೇಕಲ್ಲ, ಆದ್ರೆ ಹಾಕ್ತೀವಿ ಅಂತ ಹೇಳಿದ್ದಕ್ಕೇ ಅರ್ಧ ಕೆಲಸ ಆಯ್ತು.

ಪುಸ್ತಕ ದಾನ ಮಾಡೋರಿಗೆ ಒಂದು ಮಾತು. ಮನೆ ಸುಣ್ಣ ಬಣ್ಣ ಮಾಡಿಸೋವಾಗ ಅಟ್ಟದ ಮೇಲಿಂದ ಇಳಿಸಿದ ಮೂಟೇನ ಲೈಬ್ರರಿಗೆ ತಂದು ಸುರೀಬೇಡಿ ದಯವಿಟ್ಟು. ಹಳೇ ಸಿಲಬಸ್ಸಿನ ಪಠ್ಯಪುಸ್ತಕ, ಕಾಲ ಮುಗಿದ ಕಂಪ್ಯೂಟರ್ ಪುಸ್ತಕ, ಇಲಿ ಕಡಿದ ವಾರಪತ್ರಿಕೆ, ಯಾರದ್ದೋ ಷಷ್ಟ್ಯಬ್ದಿ ಸ್ಮರಣ ಸಂಚಿಕೆ ನಲವತ್ತು ಪ್ರತಿ, ಇದೆಲ್ಲ ಬಂದು ಬಿದ್ರೆ ಎಸೆಯೋಕೂ ನಿಯಮ ಇದೆ ಅಂತ ಅವರು ಎಸೆಯಲ್ಲ, ಇರೋ ಒಂದು ಬೀರೂ ತುಂಬುತ್ತೆ. ಹತ್ತಿಗಿಂತ ಹೆಚ್ಚು ಕೊಡ್ಬೇಡಿ, ನಿಮ್ಮ ಮಗಳಿಗೆ ಓದು ಅಂತ ಕೊಡ್ತೀರಾ ಅಂತ ಒಂದೊಂದಕ್ಕೂ ಕೇಳ್ಕೊಂಡು ಕೊಡಿ. ಆದ್ರೆ ಊರಿನ ಹಳೇ ಕಾಗದ, ಕೈಬರಹದ ಪ್ರಸಂಗ, ಓಲೆಗರಿ ಸಿಕ್ರೆ ಅದು ಬೇರೆ ವಿಷ್ಯ, ಅದನ್ನ ಸಾಗರ ಹತ್ರ ಕೆಳದಿ ವಸ್ತುಸಂಗ್ರಹಾಲಯದಂಥ ಕಡೆ ತೋರಿಸಿ.

ಈಗ ಮಳೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟೋ ಮಳೆ ಬೀಳುತ್ತೆ, ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ಜೂನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೇ ಬೂಷ್ಟು ಬರೋವಾಗ ಪುಸ್ತಕದ ಕಥೆ ಕೇಳ್ಬೇಕಾ. ಮುಚ್ಚಿದ ಬೀರು ಒಳಗೆ ಗಾಳಿ ಆಡದೇ ಬೂಷ್ಟು ಇನ್ನೂ ಜೋರು, ಇದನ್ನ ತೋರಿಸಿದ ಮೇಲೆನೇ ನಮ್ಮ ಮೇಲ್ವಿಚಾರಕರು ಎಲ್ಲಾ ಬೀರುಗಳ ಬಾಗಿಲನ್ನೂ ತೆಗೆದಿಡೋಕೆ ಮನಸ್ಸು ಮಾಡಿದ್ದು, ಓದುಗರಿಗೆ ತೆಗೀದಿದ್ದವರು ಬೂಷ್ಟಿಗೆ ತೆಗೆದ್ರು ಅಂತ ನಾವು ಈಗಲೂ ತಮಾಷೆ ಮಾಡ್ತೀವಿ. ಬೀರು ಗೋಡೆಗೆ ತಾಗಿಸಿ ಇಡ್ಬೇಡಿ, ನಾಲ್ಕು ಬೆರಳು ಜಾಗ ಬಿಡಿ, ಗೋಡೆ ಒದ್ದೆ ನೇರ ಪುಸ್ತಕಕ್ಕೆ ಬರುತ್ತೆ. ಕೆಳಗಿನ ಹಲಗೆ ಮಳೆಗಾಲದಲ್ಲಿ ಖಾಲಿ ಬಿಡಿ. ಪುಸ್ತಕ ಇರುಕಿಸಿ ತುಂಬ್ಬೇಡಿ, ಒಂದನ್ನ ಎಳೆದ್ರೆ ಪಕ್ಕದ್ದು ಜೊತೆಗೆ ಬರಬಾರದು. ಮಳೆ ಬಿಟ್ಟು ಹೊಳವಾದ ದಿನ ಹನ್ನೊಂದರಿಂದ ಮೂರು ಗಂಟೆ ತನಕ ಬಾಗಿಲು ತೆಗೆದು ಫ್ಯಾನ್ ಹಾಕಿ. ನುಸಿಗುಳಿಗೆ ಹಾಕಿದ್ರೆ ಆಯ್ತು ಅಂತ ಎಲ್ಲರೂ ಅಂದ್ಕೊಂಡಿದಾರೆ, ಅದು ಹುಳಕ್ಕೆ ಮಾತ್ರ, ಬೂಷ್ಟಿಗೆ ಎಂತದೂ ಮಾಡಲ್ಲ, ಬೀರು ತೆಗೆದೋರಿಗೆ ತಲೆನೋವು ಬರುತ್ತೆ ಅಷ್ಟೇ.

ಬೂಷ್ಟು ಬಂದ ಪುಸ್ತಕಾನ ಒದ್ದೆ ಬಟ್ಟೇಲಿ ಒರೆಸ್ಬೇಡಿ, ಒಳಗಿನ ತನಕ ಇಳಿಯುತ್ತೆ. ಮೊದಲು ನೆರಳಲ್ಲಿ ಒಣಗಿಸಿ, ಆಮೇಲೆ ಜಗಲಿಗೆ ತಂದು ಮೂಗಿಗೆ ಬಟ್ಟೆ ಕಟ್ಕೊಂಡು ಮೆತ್ತನೆ ಬ್ರಷ್‌ನಲ್ಲಿ ಹೊರಗಡೆಗೆ ಉದುರಿಸಿ. ಬಿಸಿಲಿಗೆ ಹಾಕಿದ್ರೆ ರಟ್ಟು ಸೊಟ್ಟಗಾಗುತ್ತೆ, ಹಾಳೆ ಹಳದಿ ಆಗುತ್ತೆ. ಹೆಂಚು ಸೋರಿ ಪೂರ್ತಿ ನೆಂದಿದ್ರೆ ಎರಡು ದಿನದೊಳಗೆ ಕೆಲಸ ಆಗ್ಬೇಕು, ಆಮೇಲೆ ಬೂಷ್ಟು ಶುರು. ಪುಸ್ತಕ ನಿಲ್ಲಿಸಿ, ಬೀಸಣಿಗೆ ಥರ ಬಿಡಿಸಿ, ಹದಿನೈದು ಇಪ್ಪತ್ತು ಹಾಳೆಗೊಂದು ಬಿಳೀ ಹಾಳೆ ಇಟ್ಟು, ಅದು ಒದ್ದೆ ಆದ ಹಾಗೆ ಬದಲಾಯಿಸ್ತಾ ಫ್ಯಾನ್ ಕೆಳಗೆ ಇಡಿ. ನ್ಯೂಸ್ ಪೇಪರ್ ಬೇಡ, ಇಂಕ್ ಹತ್ತುತ್ತೆ. ಒಂದೇ ಸಲ ತುಂಬಾ ನೆಂದು ಕೈ ಸಾಲದಿದ್ರೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಫ್ರೀಜರಲ್ಲಿಡಿ, ಬೂಷ್ಟು ಅಲ್ಲೇ ನಿಲ್ಲುತ್ತೆ, ಆಮೇಲೆ ಒಂದೊಂದೇ ತೆಗೆದು ಒಣಗಿಸ್ಬಹುದು. ನಮ್ಮೂರ ಐಸ್‌ಕ್ರೀಂ ಅಂಗಡಿಯೋರು ಆ ವರ್ಷ ಮಳೆಗಾಲದಲ್ಲಿ ವ್ಯಾಪಾರ ಇಲ್ಲ ಅಂತ ಫ್ರೀಜರ್ ಕೊಟ್ರು, ಮೂವತ್ತೆರಡು ಪುಸ್ತಕ ಹತ್ತು ದಿನ ಮಾವಿನಹಣ್ಣಿನ ಕ್ಯಾಂಡಿ ಪಕ್ಕ ಮಲಗಿದ್ವು. ಎರಡು ಮಾತ್ರ ಹೋಯ್ತು, ನುಣುಪು ಹಾಳೆಯವು, ಅಂಟ್ಕೊಂಡ್ರೆ ಬಿಡ್ಸೋಕೆ ಬರಲ್ಲ.

ಹರಿದ ಹಾಳೆಗೆ ಸೆಲ್ಲೊಟೇಪ್ ಹಾಕ್ಬೇಡಿ, ಎರಡೇ ವರ್ಷದಲ್ಲಿ ಕಂದು ಪಟ್ಟಿ ಆಗಿ ಅಕ್ಷರಾನೂ ತಿಂದಿರುತ್ತೆ. ಮೈದಾ ಅಂಟು ಕಾಸಿ ತೆಳ್ಳನೆ ಕಾಗದ ಅಂಟಿಸಿ. ಹಳೇ ಬೈಂಡಿಂಗ್‌ನೋರು ಆ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕೋರು, ಹುಳ ಬರದ ಹಾಗೆ. ನಮ್ಮ ಕಡೆ ಎಲ್ಲರ ಮನೇಲೂ ತೋಟಕ್ಕೆ ಅಂತ ಅದು ಇದ್ದೇ ಇರುತ್ತೆ, ಆದ್ರೆ ವಿಷ ಅದು, ಮಕ್ಕಳ ಕೈಗೆ ಸಿಗೋ ಹಾಗೆ ಅಂಟಿನ ಪಾತ್ರೆ ಇಟ್ಟು ಎದ್ದು ಹೋಗ್ಬೇಡಿ.

ಫೋನಲ್ಲಿ ಎಲ್ಲಾ ಸಿಗುತ್ತಲ್ಲ, ಇಷ್ಟೆಲ್ಲಾ ಯಾಕೆ ಅಂತ ಕೇಳೋರು ಇದ್ದೇ ಇರ್ತಾರೆ. ಸಿಗುತ್ತೆ ಹೌದು. 2020ರಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯ್ತು, ಕೊರೊನಾ ಟೈಮಲ್ಲಿ ತುಂಬಾ ಜನ ಸೇರಿದ್ರು, ಫ್ರೀ, ನೀವೂ ನೋಂದಣಿ ಮಾಡ್ಕೊಳ್ಳಿ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಅಂಗಡೀಲಿ ಸಿಗದ ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ರಾಶಿ ಇದೆ. ಆದ್ರೆ ನಮ್ಮೂರಲ್ಲಿ ಗಾಳಿ ಬೀಸಿದ್ರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದ್ರೆ ಟವರ್ ಹೋಗುತ್ತೆ, ನೆಟ್‌ವರ್ಕ್ ಹುಡ್ಕೊಂಡು ಗುಡ್ಡ ಹತ್ತೋ ಮಕ್ಕಳಿಗೆ ಆನ್‌ಲೈನ್ ಓದ್ಕೊಳ್ಳಿ ಅನ್ನೋದು ನಂಗೆ ಮನಸ್ಸಿಗೆ ಬರಲ್ಲ. ಒಂದು ಉಪಾಯ ಅಂದ್ರೆ ಫೋನನ್ನ ಸೂಚಿ ಥರ ಬಳಸಿ. ಪುಸ್ತಕ ಹೆಂಗಿದೆ ಅಂತ ಅದರಲ್ಲಿ ಒಂದಿಷ್ಟು ಪುಟ ನೋಡಿ, ಹಿಡಿಸಿದ್ರೆ ಹೆಸರು ಸಲಹಾ ರಿಜಿಸ್ಟರ್‌ಗೆ.

ಇನ್ನು ಒಟ್ಟಿಗೆ ಓದೋದು. ನಾವು ಮೊದಲು ಓದುಗರ ಬಳಗ ಅಂತ ಬ್ಯಾನರ್ ಮಾಡ್ಸಿ, ಮೈಕ್ ತಂದು, ಅಧ್ಯಕ್ಷರನ್ನ ಕರೆಸಿ ಉದ್ಘಾಟನೆ ಮಾಡಿದ್ವಿ. ಎರಡನೇ ಭಾನುವಾರ ಬಂದಿದ್ದು ಮೂರು ಜನ, ಅದರಲ್ಲಿ ಇಬ್ಬರು ನಾವೇ. ಪುಸ್ತಕ ಓದ್ಕೊಂಡು ಬನ್ನಿ ಚರ್ಚೆ ಮಾಡೋಣ ಅಂದ್ರೆ ಜನ ಪರೀಕ್ಷೆ ಅಂತ ಹೆದರ್ತಾರೆ. ಬದಲಿಗೆ ಅಲ್ಲೇ ಗಟ್ಟಿಯಾಗಿ ಓದೋದು ಶುರು ಮಾಡಿ, ಅರ್ಧ ಗಂಟೆ, ಒಬ್ರು ಓದೋದು ಬಾಕಿಯೋರು ಕೇಳೋದು, ಕಥೆ ಮುಗೀದಿದ್ರೂ ಟೈಮಿಗೆ ಸರಿಯಾಗಿ ನಿಲ್ಸಿಬಿಡಿ. ಮುಂದೆ ಎಂತ ಆಯ್ತು ಅಂತ ತಿಳ್ಕೊಳ್ಳೋಕೆ ಆ ಪುಸ್ತಕ ಎರವಲು ಕೇಳ್ತಾರೆ ನೋಡಿ, ಮಕ್ಕಳಂತೂ ಕಿತ್ತಾಡ್ತಾರೆ. ಹೆಗ್ಗೋಡಿನಂಥ ಹಳ್ಳೀಲಿ 1949ರಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆ ಕಟ್ಟಿದಾಗಲೂ ಸೇರಿದ್ದು ಊರಿನೋರೇ, ದೊಡ್ಡ ಕಟ್ಟಡ ಎಲ್ಲಾ ಆಮೇಲೆ ಬಂದಿದ್ದು.

ನಮ್ಮಲ್ಲಿ ಇದು ನಿಜವಾಗಿ ಕೆಲಸ ಮಾಡಿದ್ದು ಲೈಬ್ರರೀಲಿ ಅಲ್ಲ, ಅಡಿಕೆ ಸುಲಿಯೋ ಚಪ್ಪರದಲ್ಲಿ. ಕೊಯ್ಲಿನ ಟೈಮಲ್ಲಿ ರಾತ್ರಿ ಹತ್ತು ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಹದಿನೈದು ಇಪ್ಪತ್ತು ಜನ ಕೂತಿರ್ತಾರೆ, ಕೈಗೆ ಕೆಲಸ, ಕಿವಿ ಖಾಲಿ. ಈಗ ಸುಲಿಯೋ ಮಷಿನ್ ಬಂದಿದೆ, ಆದ್ರೂ ಎಷ್ಟೋ ಮನೇಲಿ ಕೈಯಲ್ಲೇ. ನಮ್ಮ ಟೀಚರ್ ಒಂದಿನ ಲೈಬ್ರರಿ ಪುಸ್ತಕ ತಗೊಂಡು ಹೋಗಿ ಅಲ್ಲೇ ಬಲ್ಬ್ ಕೆಳಗೆ ಕೂತು ಓದೋಕೆ ಶುರು ಮಾಡಿದ್ರು. ಮೊದಲ ದಿನ ಮೊಬೈಲಲ್ಲಿ ಹಾಡೇ ಹಾಕಿ ಅಂದ್ರು ಕೆಲವರು. ಮೂರನೇ ದಿನ ಟೀಚರ್‌ಗೆ ಜ್ವರ, ಬರ್ಲಿಲ್ಲ, ಅವತ್ತು ಸುಲಿಯೋಕೆ ಬಂದಿದ್ದ ಗಿಡ್ಡಕ್ಕ ಅನ್ನೋರು, ಶಾಲೆ ಮುಖ ನೋಡಿದೋರಲ್ಲ, ನೇರ ಟೀಚರ್ ಮನೆಗೇ ಹೋಗಿ ಆ ಹೆಣ್ಣು ಮನೆ ಬಿಟ್ಟು ಹೋದ್ಳಾ ಇಲ್ವಾ ಅದೊಂದು ಹೇಳಿಬಿಡಿ ಅಂತ ಕೇಳಿದ್ರಂತೆ. ನೀವೂ ಮಾಡೋದಾದ್ರೆ ಮಾತು ಜಾಸ್ತಿ ಇರೋ ಕಥೆ ಆರ್ಸಿ, ವರ್ಣನೆ ಬಂದ್ರೆ ಹಾರಿಸಿ, ದೊಡ್ಡ ಮನೆಯೋರನ್ನೂ ಕೂಲಿಗೆ ಬಂದೋರನ್ನೂ ಒಂದೇ ಕಡೆ ಕೂರಿಸಿ. ಅಡಿಕೆ ಕರೆ ಕೈಯಲ್ಲಿ ಪುಸ್ತಕ ಮುಟ್ಟೋಕೆ ಬಿಡ್ಬೇಡಿ, ಆ ಕಲೆ ಜನ್ಮದಲ್ಲಿ ಹೋಗಲ್ಲ, ನಮ್ಮಲ್ಲಿ ಒಂದು ಪುಸ್ತಕದ 43ನೇ ಪುಟದಲ್ಲಿ ಯಾರದ್ದೋ ಹೆಬ್ಬೆರಳು ಹಾಗೇ ಕೂತಿದೆ. ಮೇಲ್ವಿಚಾರಕರಿಗೆ ತೋರಿಸಿದ್ವಿ, ದುಡ್ಡು ಕಟ್ಟಬೇಕಾ ಅಂತ. ಅವರು ತಿರುಗಿಸಿ ಮುರುಗಿಸಿ ನೋಡಿ, ಓದಿದ್ದಕ್ಕೆ ಸಾಕ್ಷಿ ಇರ್ಲಿ ಬಿಡಿ ಅಂತ ವಾಪಸ್ ಬರ್ಕೊಂಡ್ರು.

ಪುಸ್ತಕ ಕಳೆದೇ ಹೋದ್ರೆ ಬಚ್ಚಿಡಬೇಡಿ, ಅದೇ ಪುಸ್ತಕ ಹೊಸದು ತಂದು ಕೊಡಿ, ಸಿಗದಿದ್ರೆ ಬೆಲೆ ಕಟ್ಟಿ ರಶೀದಿ ತಗೊಳ್ಳಿ, ಹೆದರ್ಕೊಂಡು ಲೈಬ್ರರಿ ಕಡೆ ತಲೆ ಹಾಕದೇ ಇದ್ರೆ ಪುಸ್ತಕದ ಜೊತೆ ಓದುಗನೂ ಹೋದ ಹಾಗೆ. ಮಳೆಗಾಲದಲ್ಲಿ ತಗೊಂಡು ಹೋಗೋವಾಗ ಕವರ್ ಒಂದರ ಮೇಲೊಂದು ಎರಡು ಹಾಕಿ, ಕೊಡೆ ನಂಬ್ಕೋಬೇಡಿ. ಮತ್ತೆ ಭಾನುವಾರ ಲೈಬ್ರರಿ ಇರಲ್ಲ ಅಂತ ಅಂದ್ಕೊಂಡು ಬಹಳ ಜನ ಸೋಮವಾರ ಹೋಗ್ತಾರೆ. ಉಲ್ಟಾ ಅದು. ಭಾನುವಾರ ತೆಗೆದಿರುತ್ತೆ, ಬಹಳ ಕಡೆ ರಜೆ ಸೋಮವಾರ, ಬಾಗಿಲು ಹಾಕಿದ್ದು ನೋಡಿ ನಮ್ಮ ಅಂಗಡಿಗೆ ಬಂದು ನನ್ನ ಹತ್ರ ಬೈತಾರೆ.